ದೂರದ ಬೆಟ್ಟ, ಹತ್ತಿರದ ಜನ

'ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ' ಎಂಬ ಗಾದೆಯನ್ನು ನಾವೆಲ್ಲ ಬಳಸುತ್ತೇವೆ. ದೂರದಲ್ಲಿ ನಿಂತವನಿಗೆ ಬೆಟ್ಟದ ಕಲ್ಲುಮುಳ್ಳು ಕಾಣುವುದಿಲ್ಲ ಎಂಬುದು ಅದರ ಅರ್ಥ. ಆದರೆ ಅಷ್ಟು ದೂರದಿಂದ ಬೆಟ್ಟದಲ್ಲಿ ಬದುಕುವ ಮನುಷ್ಯನೂ ಕಾಣುವುದಿಲ್ಲ. ಕಾಣುವುದು ಅನಾಹುತವಾದಾಗ ಮಾತ್ರ, ಅದೂ ಅಪರಾಧಿಯಾಗಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ, 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಊರುಗಳು ರಾತ್ರೋರಾತ್ರಿ ಕೊಚ್ಚಿಹೋದಾಗ, ಕಣ್ಣೀರಿನ ಜೊತೆಗೇ ಒಂದು ಪ್ರಶ್ನೆಯೂ ಕೇಳಿಬಂತು: ಇವರು ಅಲ್ಲಿಗೆ ಹೋಗಿ ಯಾಕೆ ಮನೆ ಕಟ್ಟಿಕೊಂಡರು, ಯಾಕೆ ಕಾಡು ಕಡಿದರು?

ಈ ಪ್ರಶ್ನೆ ಹೊಸದಲ್ಲ. ಇದಕ್ಕೆ ಐವತ್ತು ವರ್ಷಗಳ ಹಿಂದಿನ ಒಂದು ದೊಡ್ಡ ಮೊಕದ್ದಮೆಯ ಇತಿಹಾಸವಿದೆ. ಅಲ್ಲಿ ಕಟಕಟೆಯಲ್ಲಿ ನಿಂತವನು ಹಿಮಾಲಯದ ಬಡ ರೈತ.

1970ರ ದಶಕದಲ್ಲಿ ವಿದ್ವಾಂಸರು, ಸರಕಾರಗಳು, ನೆರವು ನೀಡುವ ಸಂಸ್ಥೆಗಳು ಹೆಚ್ಚುಕಡಿಮೆ ಒಂದೇ ಕತೆಯನ್ನು ಹೇಳುತ್ತಿದ್ದವು. ಬೆಟ್ಟಗಳಿಗೆ ಆಧುನಿಕ ಔಷಧಿ ಬಂತು, ಸಾವು ಕಡಿಮೆಯಾಗಿ ಜನ ಹೆಚ್ಚಿದರು. ಹೆಚ್ಚಿದ ಜನ ಸೌದೆಗಾಗಿ, ಮೇವಿಗಾಗಿ, ಹೊಲಕ್ಕಾಗಿ ಕಾಡು ಕಡಿದರು. ಬೋಳಾದ ಇಳಿಜಾರಿನಿಂದ ಮಳೆ ಮಣ್ಣನ್ನು ತೊಳೆದುಕೊಂಡು ಹೋಯಿತು. ಆ ಹೂಳು ನದಿಗಳ ತಳ ತುಂಬಿತು, ಬಿಹಾರ, ಬಂಗಾಳ, ಬಾಂಗ್ಲಾದೇಶಗಳು ನೆರೆಯಲ್ಲಿ ಮುಳುಗಿದವು. 1976ರಲ್ಲಿ ಬಂದ ಎರಿಕ್ ಎಕ್‌ಹೋಮ್ ಅವರ ಪುಸ್ತಕ ಈ ಕತೆಯನ್ನು ಜಗತ್ತಿಗೆಲ್ಲ ಮುಟ್ಟಿಸಿತು. ನೇಪಾಳ ಬೆಲೆಯಿಲ್ಲದೆ ತನ್ನ ಮಣ್ಣನ್ನೇ ರಫ್ತು ಮಾಡುತ್ತಿದೆ ಎಂಬ ಮಾತು ಮನೆಮಾತಾಯಿತು. ಮುಂದೆ ಇದಕ್ಕೆ 'ಹಿಮಾಲಯದ ಪರಿಸರ ಅವನತಿ ಸಿದ್ಧಾಂತ' ಎಂಬ ಹೆಸರೂ ಬಂತು.

ಕತೆ ನಂಬುವಂತೆಯೇ ಇತ್ತು. ಅದರ ಒಂದೊಂದು ಕೊಂಡಿಗೂ ಒಬ್ಬೊಬ್ಬ ಪರಿಣತ ಸಾಕ್ಷಿಯಿದ್ದ. ಜನಸಂಖ್ಯೆಯ ಬಗ್ಗೆ ಒಬ್ಬ, ಅರಣ್ಯದ ಬಗ್ಗೆ ಇನ್ನೊಬ್ಬ, ನದಿಯ ಬಗ್ಗೆ ಮತ್ತೊಬ್ಬ. ಆದರೆ ಒಂದು ಕೊಂಡಿ ಇನ್ನೊಂದಕ್ಕೆ ನಿಜವಾಗಿ ಕೂಡಿಕೊಳ್ಳುತ್ತದೆಯೇ ಎಂದು ನೋಡುವವರು ಯಾರೂ ಇರಲಿಲ್ಲ. ಅರಣ್ಯ ತಜ್ಞನಿಗೆ ನದಿ ಗೊತ್ತಿಲ್ಲ, ನದಿಯ ತಜ್ಞ ಹಳ್ಳಿಯ ಅಡುಗೆಮನೆಯನ್ನು ಕಂಡಿಲ್ಲ. ಮುಂದೆ ಮೈಕೆಲ್ ಥಾಂಪ್ಸನ್ ಮತ್ತು ಮೈಕೆಲ್ ವಾರ್ಬರ್ಟನ್ ಒಂದು ಸಂಗತಿಯನ್ನು ಎತ್ತಿ ತೋರಿಸಿದರು. ಬೆಟ್ಟದ ಒಬ್ಬ ಮನುಷ್ಯ ವರ್ಷಕ್ಕೆ ಎಷ್ಟು ಸೌದೆ ಉರಿಸುತ್ತಾನೆ ಎಂಬ ಬಗ್ಗೆ ಬೇರೆ ಬೇರೆ ತಜ್ಞರು ಕೊಟ್ಟ ಅಂದಾಜುಗಳಲ್ಲಿ, ಅತಿ ಕಡಿಮೆಯದಕ್ಕೂ ಅತಿ ಹೆಚ್ಚಿನದಕ್ಕೂ 67 ಪಟ್ಟು ಅಂತರವಿತ್ತು! ಇಂಥ ಲೆಕ್ಕ ನಂಬಿ ಲಕ್ಷಾಂತರ ಜನರ ಮೇಲೆ ತೀರ್ಪು ಕೊಡಲಾಗಿತ್ತು.

1970ರ ದಶಕದ ಕೊನೆಯಲ್ಲಿ ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಯೋಜನೆಯೊಂದರಡಿ ಜಾಕ್ ಐವ್ಸ್ ಮತ್ತು ಸ್ವಿಟ್ಜರ್ಲೆಂಡಿನ ಬ್ರೂನೋ ಮೆಸರ್ಲಿ ಎಂಬ ಭೂಗೋಳ ತಜ್ಞರು ನೇಪಾಳಕ್ಕೆ ಬಂದರು. ಭೂಕುಸಿತದ ಅಪಾಯವಿರುವ ಜಾಗಗಳ ನಕ್ಷೆ ತಯಾರಿಸುವುದು ಅವರ ಕೆಲಸ. ಬರುವಾಗ ಅವರೂ ಈ ಕತೆಯನ್ನು ನಂಬಿದ್ದವರೇ. ಆದರೆ ತಂಡದಲ್ಲಿ ಮಣ್ಣು ಮತ್ತು ಬಂಡೆಯನ್ನು ಅಳೆಯುವವರ ಜೊತೆಗೆ ಹಳ್ಳಿಗರ ಬಳಿ ಕುಳಿತು ಮಾತು ಕೇಳುವವರೂ ಇದ್ದರು. ಕಠ್ಮಂಡುವಿನ ಉತ್ತರಕ್ಕಿರುವ ಕಾಕನಿ ಪ್ರದೇಶದಲ್ಲಿ ಅವರಿಗೆ ಕಂಡದ್ದೇ ಬೇರೆ. ಯಾವ ಇಳಿಜಾರು ಯಾವಾಗ ಜರಿಯಬಹುದು, ನೀರನ್ನು ಎಲ್ಲಿಂದ ತಿರುಗಿಸಬೇಕು ಎಂಬುದು ರೈತರಿಗೆ ತಿಳಿದಿತ್ತು. ಜರಿದ ಜಾಗವನ್ನು ಅವರು ಹಾಗೆಯೇ ಬಿಡುತ್ತಿರಲಿಲ್ಲ. ಕಲ್ಲು ಹೊತ್ತು ಒಡ್ಡು ಕಟ್ಟಿ ಮತ್ತೆ ಮೆಟ್ಟಿಲು ಗದ್ದೆ ಮಾಡುತ್ತಿದ್ದರು. ಒಮ್ಮೆ ಕುಸಿದು ಬಿದ್ದಿದ್ದ ಇಳಿಜಾರುಗಳು ಕೆಲವು ವರ್ಷಗಳ ಮೇಲೆ ಹೋಗಿ ನೋಡಿದರೆ ಮತ್ತೆ ಹಸಿರು ಗದ್ದೆಗಳಾಗಿದ್ದವು. ಬೆಟ್ಟವನ್ನು ಹಾಳುಮಾಡುವವನೆಂದು ಹೆಸರಾಗಿದ್ದವನು ನಿಜದಲ್ಲಿ ಅದನ್ನು ದಿನವೂ ದುರಸ್ತಿ ಮಾಡುತ್ತಿದ್ದವನು.

1986ರಲ್ಲಿ ಅಮೆರಿಕದ ಮೊಹಾಂಕ್ ಎಂಬಲ್ಲಿ ನಾನಾ ಶಾಸ್ತ್ರಗಳ ವಿದ್ವಾಂಸರು ಸೇರಿ ಈ ಸಿದ್ಧಾಂತವನ್ನು ಒರೆಗೆ ಹಚ್ಚಿದರು. 1989ರಲ್ಲಿ ಐವ್ಸ್ ಮತ್ತು ಮೆಸರ್ಲಿಯವರ 'ದಿ ಹಿಮಾಲಯನ್ ಡಿಲೆಮಾ' ಪುಸ್ತಕ ಹೊರಬಂತು. ಕೊಂಡಿಗಳು ಒಂದೊಂದಾಗಿ ಕಳಚಿದವು. ಬೆಟ್ಟದ ಕಾಡು ಬಹುಪಾಲು ಕರಗಿದ್ದು ಈಚಿನ ಜನಸಂಖ್ಯೆಯಿಂದಲ್ಲ, ಹಲವೆಡೆ ಅದು ಬಹಳ ಹಿಂದಿನ ಮಾತು. 2006ರಲ್ಲಿ ಥಾಮಸ್ ಹೋಫರ್ ಮತ್ತು ಮೆಸರ್ಲಿ ಬಾಂಗ್ಲಾದೇಶದ ನೆರೆಗಳ ಇತಿಹಾಸವನ್ನೇ ಕೆದಕಿ ಬರೆದರು. ಅಲ್ಲಿನ ಮಹಾ ನೆರೆಗಳಿಗೆ ಹಿಮಾಲಯದ ಮರ ಕಡಿತ ಕಾರಣವಲ್ಲ. ಮೇಘಾಲಯದ ಬೆಟ್ಟಗಳಲ್ಲಿ ಮತ್ತು ಬಾಂಗ್ಲಾದೇಶದೊಳಗೇ ಸುರಿಯುವ ಮಳೆಯ ಪಾತ್ರ ಅದಕ್ಕಿಂತ ಎಷ್ಟೋ ದೊಡ್ಡದು.

ಇಲ್ಲಿ ನಮಗೆ ಅಲ್‌ಬಿರೂನಿ ನೆನಪಾಗುತ್ತಾನೆ. ಸುಮಾರು 1030ರಲ್ಲಿ ಬರೆದ ಹಿಂದುಸ್ತಾನದ ಕುರಿತ ತನ್ನ ಗ್ರಂಥದಲ್ಲಿ ಅವನು ಒಂದು ಸೂಕ್ಷ್ಮವನ್ನು ಗುರುತಿಸಿದ್ದ. ಈ ನೆಲವನ್ನು ಅಗೆದರೆ ದುಂಡಗಿನ ಕಲ್ಲುಗಳು ಸಿಗುತ್ತವೆ. ಬೆಟ್ಟದ ಹತ್ತಿರ ಅವು ದೊಡ್ಡವು, ದೂರ ಹೋದಂತೆ ಸಣ್ಣವು, ನದಿ ಕಡಲು ಸೇರುವಲ್ಲಿ ಬರೀ ಮರಳು. ಆದ್ದರಿಂದ ಈ ಬಯಲು ಒಂದು ಕಾಲಕ್ಕೆ ಸಮುದ್ರವಾಗಿದ್ದಿರಬೇಕು, ನದಿಗಳು ತಂದ ಮಣ್ಣು ಅದನ್ನು ತುಂಬಿರಬೇಕು ಎಂದು ಅವನು ಊಹಿಸಿದ. ಅಂದರೆ ಬೆಟ್ಟದ ಮಣ್ಣು ಕೆಳಗೆ ಹರಿದುಬರುವುದು ಯಾವ ರೈತನ ಕೊಡಲಿಗಿಂತಲೂ ಹಳೆಯದು. ಕೋಟ್ಯಂತರ ಜನ ಉಣ್ಣುವ ಗಂಗೆಯ ಬಯಲು ಹುಟ್ಟಿದ್ದೇ ಆ ಮಣ್ಣಿನಿಂದ. ಅಲ್‌ಬಿರೂನಿ ನಕ್ಷತ್ರಗಳ ಲೆಕ್ಕ ಬಲ್ಲವನು, ಗಣಿತ ಬಲ್ಲವನು, ಸಂಸ್ಕೃತ ಕಲಿತು ಇಲ್ಲಿನ ಪಂಡಿತರೊಡನೆ ಮಾತಾಡಿದವನು. ಇಂದು ವಿಶ್ವವಿದ್ಯಾಲಯಗಳು ಅಂತರ್‌ಶಿಸ್ತೀಯ ಅಧ್ಯಯನ ಎಂದು ಯಾವುದನ್ನು ಕರೆಯುತ್ತವೆಯೋ ಅದು ಅವನಿಗೆ ವಿದ್ಯೆಯ ಸಹಜ ರೀತಿಯಾಗಿತ್ತು.

ಹಾಗೆಂದು ಕಾಡು ಕಡಿದರೆ ಏನೂ ಆಗದು ಎಂದು ಈ ವಿದ್ವಾಂಸರಾರೂ ಹೇಳಲಿಲ್ಲ. ಮರ ಹೋದರೆ ಆ ಇಳಿಜಾರಿಗೆ, ಆ ಊರಿನ ಒರತೆಗೆ ಪೆಟ್ಟು ಬೀಳುವುದು ನಿಜವೇ. ಪ್ರಶ್ನೆ ಇರುವುದು ಕಡಿದವರು ಯಾರು ಎಂಬುದರಲ್ಲಿ. 1970ರಲ್ಲಿ ಅಲಕನಂದಾ ಕಣಿವೆ ನೆರೆಗೆ ತುತ್ತಾದ ಮೇಲೆ ಗಢವಾಲದ ಹಳ್ಳಿಗರು ಬೆರಳು ತೋರಿಸಿದ್ದು ಮರದ ಗುತ್ತಿಗೆದಾರರ ಕಡೆಗೆ. 1973ರ ಚಿಪ್ಕೊ ಚಳವಳಿ ಹುಟ್ಟಿದ್ದು ಆ ಅರಿವಿನಿಂದ. ಹತ್ತು ವರ್ಷದ ಮೇಲೆ, 1983ರ ಸೆಪ್ಟೆಂಬರ್‌ನಲ್ಲಿ, ನಮ್ಮ ಶಿರಸಿಯ ಬಳಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು 'ಅಪ್ಪಿಕೋ' ಎಂದಾಗಲೂ ಕೇಳಿದ್ದು ಅದೇ ಪ್ರಶ್ನೆಯನ್ನು.

ಅದೇ 1983ರಲ್ಲಿ ಕಠ್ಮಂಡುವಿನಲ್ಲಿ ಪರ್ವತ ಪ್ರದೇಶಗಳ ಸಮಗ್ರ ಅಭಿವೃದ್ಧಿಯ ಅಂತರರಾಷ್ಟ್ರೀಯ ಕೇಂದ್ರ ಆರಂಭವಾಯಿತು. 1992ರ ರಿಯೋ ಸಮ್ಮೇಳನದ ಕಾರ್ಯಸೂಚಿಯಲ್ಲಿ ಪರ್ವತಗಳಿಗೇ ಒಂದು ಅಧ್ಯಾಯ, ಹದಿಮೂರನೆಯದು, ಮೀಸಲಾಯಿತು. 2002ನ್ನು ವಿಶ್ವಸಂಸ್ಥೆ ಪರ್ವತಗಳ ವರ್ಷವಾಗಿ ಆಚರಿಸಿತು. 2003ರಿಂದ ಡಿಸೆಂಬರ್ 11 ಪರ್ವತ ದಿನವಾಯಿತು.

ಆದರೆ ಬೆಟ್ಟದ ಜನರನ್ನು ಕೇಳುವುದೆಂದರೇನು ಎಂಬುದಕ್ಕೆ ಉತ್ತರ ಸಿಕ್ಕಿದ್ದು ಘೋಷಣೆಗಳಲ್ಲಲ್ಲ, ಕಣಿವೆಗಳಲ್ಲಿ. 1982ರಲ್ಲಿ ಪಾಕಿಸ್ತಾನದ ಉತ್ತರದ ತುದಿಯಲ್ಲಿ, ಗಿಲ್ಗಿಟ್‌ನಲ್ಲಿ, ಆಗಾ ಖಾನ್ ಗ್ರಾಮೀಣ ನೆರವು ಕಾರ್ಯಕ್ರಮ ಶುರುವಾಯಿತು. ಅದರ ಹೊಣೆ ಹೊತ್ತ ಶೋಯೆಬ್ ಸುಲ್ತಾನ್ ಖಾನ್ ಹಿಂದೆ ಸರಕಾರಿ ಅಧಿಕಾರಿಯಾಗಿದ್ದವರು, ಕುಮಿಲ್ಲಾದಲ್ಲಿ ರೈತರ ಸಹಕಾರ ಸಂಘಗಳನ್ನು ಕಟ್ಟಿದ ಅಖ್ತರ್ ಹಮೀದ್ ಖಾನ್ ಅವರ ಶಿಷ್ಯ. ಅವರು ಯೋಜನೆಯ ಕಡತ ಹಿಡಿದು ಹೋಗಲಿಲ್ಲ. ಊರಿನವರನ್ನೆಲ್ಲ ಒಂದೆಡೆ ಕೂರಿಸಿ, ಎಲ್ಲರಿಗೂ ಪ್ರಯೋಜನವಾಗುವ, ನೀವೇ ಮಾಡಬಲ್ಲ ಒಂದು ಕೆಲಸ ಹೇಳಿ ಎಂದು ಕೇಳಿದರು. ಬದಲಿಗೆ ಊರವರು ಸಂಘಟಿತರಾಗಬೇಕು, ತಪ್ಪದೆ ಸಭೆ ಸೇರಬೇಕು, ಅಷ್ಟಿಷ್ಟು ಉಳಿತಾಯ ಮಾಡಬೇಕು. ಹಲವಾರು ಊರುಗಳು ಕೇಳಿದ್ದು ಹಿಮನದಿಯ ನೀರನ್ನು ಒಣ ಇಳಿಜಾರಿಗೆ ತರುವ ಕಾಲುವೆ. ಸಂಸ್ಥೆ ಇಸ್ಮಾಯಿಲಿ ಪಂಥದ ಮುಖಂಡರದ್ದಾದ್ದರಿಂದ ಕೆಲವು ಕಣಿವೆಗಳಲ್ಲಿ ಶಂಕೆ ಎದುರಾದದ್ದುಂಟು. ಆದರೆ ಕೆಲಸ ಶಿಯಾ, ಸುನ್ನಿ, ಇಸ್ಮಾಯಿಲಿ ಎಲ್ಲರ ಊರುಗಳಿಗೂ ತೆರೆದಿತ್ತು. ಕಾಲುವೆಯ ನೀರು ಪಂಥ ಕೇಳುವುದಿಲ್ಲವಲ್ಲ! 1990ರ ದಶಕದಲ್ಲಿ ಇದೇ ಶೋಯೆಬ್ ಸುಲ್ತಾನ್ ಖಾನ್ ವಿಶ್ವಸಂಸ್ಥೆಯ ಯೋಜನೆಯ ಮೂಲಕ ನಮ್ಮ ನೆರೆಯ ಆಂಧ್ರದ ಹಳ್ಳಿಗಳಿಗೂ ಈ ಪಾಠವನ್ನು ತಂದರು.

ನೇಪಾಳದ್ದು ಇನ್ನೂ ಸ್ಪಷ್ಟ ಉದಾಹರಣೆ. 1993ರ ಕಾನೂನು ಕಾಡನ್ನು ಊರಿನ ಬಳಕೆದಾರರ ಗುಂಪುಗಳಿಗೆ ಒಪ್ಪಿಸಿತು. ಇಂಥ ಗುಂಪುಗಳು 22 ಸಾವಿರಕ್ಕೂ ಮೀರಿ ಬೆಳೆದವು. ಯಾವ ದೇಶದ ಬೆಟ್ಟಗಳು ಬೋಳಾಗಿಬಿಡುತ್ತವೆ ಎಂದು ಭವಿಷ್ಯ ನುಡಿಯಲಾಗಿತ್ತೋ ಅಲ್ಲಿ, 2015ರಲ್ಲಿ ಪ್ರಕಟವಾದ ಸಮೀಕ್ಷೆ ಶೇಕಡಾ 40ಕ್ಕಿಂತ ಹೆಚ್ಚು ನೆಲದಲ್ಲಿ ಕಾಡನ್ನು ಕಂಡಿತು. ಹಳ್ಳಿ ಬಿಟ್ಟು ದುಡಿಯಲು ಹೊರಗೆ ಹೋದವರಿಂದಾಗಿ ಹೊಲಗಳು ಪಾಳುಬಿದ್ದು ಕಾಡಾದದ್ದೂ ಅದರಲ್ಲಿ ಸೇರಿದೆ. ಆದರೂ ಆರೋಪಿಯ ಕೈಗೇ ಕಾಡಿನ ಕೀಲಿಕೈ ಕೊಟ್ಟರೆ ಅದು ಉಳಿಯಬಲ್ಲದು ಎಂಬುದು ಸಾಬೀತಾಯಿತು.

ಇನ್ನು ನಮ್ಮ ಘಟ್ಟಕ್ಕೆ ಬರೋಣ. 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಉತ್ತರ ಕನ್ನಡದಲ್ಲಿ ಬಿದಿರು ಯಾಕೆ ಕ್ಷೀಣಿಸುತ್ತಿದೆ ಎಂದು ಅಧ್ಯಯನ ಮಾಡಿದರು. ಅಧಿಕಾರಿಗಳು ಹಳ್ಳಿಗರ ದನ ಮತ್ತು ಬೆಂಕಿಯನ್ನು ದೂರುತ್ತಿದ್ದರು, ಬುಟ್ಟಿ ಹೆಣೆಯುವವರು ಕಾಗದದ ಕಾರ್ಖಾನೆಯನ್ನು. ಮೆಳೆಯ ಬುಡದ ಮುಳ್ಳನ್ನು ಸವರಿದರೆ ಬಿದಿರು ಹುಲುಸಾಗುತ್ತದೆ ಎಂಬುದು ಅರಣ್ಯಶಾಸ್ತ್ರದ ನಂಬಿಕೆಯಾಗಿತ್ತು. ಆದದ್ದು ಉಲ್ಟಾ. ಮುಳ್ಳಿನ ಬೇಲಿ ಕಳೆದುಕೊಂಡ ಎಳೆ ಕಳಲೆಯನ್ನು ಪ್ರಾಣಿಗಳು ಮೇದುಬಿಡುತ್ತಿದ್ದವು. ಊರಿನವರಿಗೆ ಇದು ಮೊದಲೇ ಗೊತ್ತಿತ್ತು. ಕೇಳಿದವರಿರಲಿಲ್ಲ, ಅಷ್ಟೆ.

ಅದೇ ಗಾಡ್ಗೀಳರ ನೇತೃತ್ವದ ಪಶ್ಚಿಮ ಘಟ್ಟ ಸಮಿತಿ 2011ರಲ್ಲಿ ವರದಿ ಕೊಟ್ಟು, ಅಂತಿಮ ತೀರ್ಮಾನ ಗ್ರಾಮಸಭೆಗಳಿಂದ ಮೂಡಲಿ ಎಂದಿತು. ಸರಕಾರ ಆ ವರದಿಯನ್ನು ತಿಂಗಳುಗಟ್ಟಲೆ ಮುಚ್ಚಿಟ್ಟಿತು. ಅದು 2012ರಲ್ಲಿ ಹೊರಬಂದದ್ದು ನ್ಯಾಯಾಲಯದ ಆದೇಶದ ಮೇಲೆ. ಜನರ ಭಾಷೆಯಲ್ಲಿ ಅದು ಗ್ರಾಮಸಭೆಗಳ ಮುಂದೆ ಬರಲೇ ಇಲ್ಲ. ವರದಿ ತಲುಪದ ಕಡೆ ವದಂತಿ ತಲುಪಿತು: ಮನೆ ಹೋಗುತ್ತದೆ, ತೋಟ ಹೋಗುತ್ತದೆ ಎಂದು. 2013ರ ಕಸ್ತೂರಿರಂಗನ್ ವರದಿ ಉಪಗ್ರಹದ ಚಿತ್ರಗಳ ನೆರವಿನಿಂದ ಘಟ್ಟದ ಸುಮಾರು ಶೇಕಡಾ 37 ಭಾಗವನ್ನು ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ಉಪಗ್ರಹಕ್ಕಿಂತ ದೂರದಿಂದ ಬೆಟ್ಟವನ್ನು ನೋಡುವುದು ಸಾಧ್ಯವೇ? ವಯನಾಡು ಕುಸಿದ ಮರುದಿನವೇ, 2024ರ ಜುಲೈ 31ರಂದು, ಆರನೆಯ ಕರಡು ಅಧಿಸೂಚನೆ ಹೊರಟಿತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಸೆಪ್ಟೆಂಬರ್‌ನಲ್ಲಿ ನಮ್ಮ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು.

ಗಣಿ, ಕಲ್ಲುಕ್ವಾರಿ, ರೆಸಾರ್ಟಿನ ಹಿತಾಸಕ್ತಿಗಳು ಈ ವಿರೋಧದ ಹಿಂದೆ ಅಡಗಿ ನಿಂತದ್ದು ಸುಳ್ಳಲ್ಲ. ಆದರೆ ಎರಡೆಕರೆಯ ಬಡ ರೈತನ ಭಯವನ್ನು ನಾವು ಅವರ ಲೆಕ್ಕಕ್ಕೆ ಸೇರಿಸಬಾರದು. ತಲೆಮಾರುಗಳಿಂದ ಆರೋಪಿಯಾಗಿಯೇ ಕಚೇರಿಯ ಮುಂದೆ ನಿಂತವನು, ಇದ್ದಕ್ಕಿದ್ದಂತೆ ಬಂದ ರಕ್ಷಣೆಯ ಮಾತನ್ನು ಹೇಗೆ ನಂಬಬೇಕು? ಗುಡ್ಡ ಜರಿದರೆ ಮೊದಲು ಮಣ್ಣಾಗುವವನು ಅವನೇ. ಬೆಟ್ಟ ಉಳಿಯಬೇಕೆಂದು ಅವನಿಗಿಂತ ಹೆಚ್ಚು ಬಯಸುವವರು ಯಾರೂ ಇಲ್ಲ.

ಕಾಕನಿಯ ಇಳಿಜಾರಿನಲ್ಲಿ ವಿದ್ವಾಂಸರು ಕಲಿತ ಪಾಠ ತೀರ ಸರಳವಾದದ್ದು. ಅಳೆಯುವ ಮುನ್ನ ಕೇಳಬೇಕು, ಕೇಳಿದ ಮೇಲೂ ಅಳೆಯಬೇಕು. ಘಟ್ಟದ ಬಗ್ಗೆ ಮುಂದೆ ಬರುವ ಯಾವುದೇ ಕರಡು ದೆಹಲಿಯಲ್ಲಿ ಸಹಿಯಾಗುವ ಮೊದಲು ಕನ್ನಡದಲ್ಲಿ ಅಚ್ಚಾಗಲಿ. ಮಲೆನಾಡಿನ ಒಂದೊಂದು ಗ್ರಾಮಸಭೆಯಲ್ಲೂ ಅದನ್ನು ಗಟ್ಟಿಯಾಗಿ ಓದಲಿ, ಓದಿದವರು ಅಲ್ಲೇ ಕುಳಿತು ಉತ್ತರವನ್ನೂ ಕೇಳಲಿ. ಇಷ್ಟನ್ನಾದರೂ ನಾವು ಒತ್ತಾಯಿಸಬೇಕು.