ಯಾವ ಲೋಹ, ಎಷ್ಟು ಪಾಲು?

ಡಾಲಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿ ವಿಜ್ಞಾನ ಓದುತ್ತಿರುವ ನಿಮ್ಮಲ್ಲಿ ಕೆಲವರು ಮುಂದೆ ಪ್ರಯೋಗಾಲಯಕ್ಕೆ ಅಟಾಮಿಕ್ ಅಬ್ಸಾರ್ಪ್ಷನ್ ಸ್ಪೆಕ್ಟ್ರೋಫೋಟೋಮೀಟರ್ ಆರಿಸಬೇಕಾದೀತು. ಅದರ ಹಿಂದಿನ ಚರಿತ್ರೆಯಲ್ಲಿ ನಮ್ಮ ಕನ್ನಡನಾಡೂ ಇದೆ.

ಕಾದ ಪ್ರತಿ ಧಾತುವೂ ತನ್ನದೇ ಬಣ್ಣದ ಬೆಳಕು ಸೂಸುತ್ತದೆ, ಅದೇ ಬೆಳಕನ್ನು ಹೀರುತ್ತದೆ ಎಂದು 1860ರ ಹೊತ್ತಿಗೆ ಜರ್ಮನಿಯ ಕಿರ್ಖಾಫ್ ಮತ್ತು ಬುನ್ಸೆನ್ ತೋರಿಸಿದರು. 1868ರ ಆಗಸ್ಟ್ 18ರ ಗ್ರಹಣದಲ್ಲಿ, ವಿಲಿಯಂ ಹರ್ಷೆಲ್‌ರ ಮೊಮ್ಮಗ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಇದೇ ವಿದ್ಯೆಯಿಂದ ಸೂರ್ಯನನ್ನು ಪರೀಕ್ಷಿಸಿದ್ದು ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ. 1955ರಲ್ಲಿ ಆಸ್ಟ್ರೇಲಿಯಾದ ಅಲನ್ ವಾಲ್ಷ್, ಬೆಳಕು ಹೀರುವ ಗುಣದಿಂದಲೇ ಲೋಹಗಳನ್ನು ಅಳೆಯುವ ದಾರಿ ತೋರಿದರು: ಸೀಸ ಹುಡುಕಲು ಸೀಸದ ದೀಪ, ತಾಮ್ರಕ್ಕೆ ತಾಮ್ರದ್ದು.

ಹಾಗಾದರೆ ಆಯ್ಕೆ ಹೇಗೆ? ಲೋಹ ದಶಲಕ್ಷಕ್ಕೆ ಕೆಲವು ಪಾಲಿದ್ದರೆ ಜ್ವಾಲೆಯ ಯಂತ್ರ ಸಾಕು, ಬೇಗ, ಅಗ್ಗ. ಶತಕೋಟಿಗೆ ಕೆಲವೇ ಪಾಲಾದರೆ ಗ್ರಾಫೈಟ್ ಕುಲುಮೆ ಬೇಕು; ನಿಧಾನ, ದುಬಾರಿ.

ನಿಮ್ಮ ವೆಸ್ಟ್ ಡಾಲಸ್‌ನಲ್ಲೇ ಸೀಸ ಕರಗಿಸುವ ಕಾರ್ಖಾನೆ 1984ರವರೆಗೆ ನಡೆಯಿತು. ಸುತ್ತಲಿನ ಮನೆಗಳ ಮಣ್ಣಿಗೂ ಸೀಸ ಸೇರಿತು. ಅಂಥ ಮಣ್ಣನ್ನು ಅಳೆಯಲು ಜ್ವಾಲೆ ಸಾಕಾದೀತು. ಅಲ್ಲಿ ಆಡಿದ ಮಗುವಿನ ರಕ್ತಕ್ಕೆ ಕುಲುಮೆಯೇ ಬೇಕು. ಇಲ್ಲದಿದ್ದರೆ ಯಂತ್ರ ‘ಸೀಸ ಕಾಣಲಿಲ್ಲ’ ಎನ್ನುತ್ತದೆ, ನಾವು ‘ಇಲ್ಲ’ ಎಂದು ಓದಿಕೊಳ್ಳುತ್ತೇವೆ. ಬೆಲೆಪಟ್ಟಿ ನೋಡುವ ಮುನ್ನ ಆ ಮಗುವನ್ನು ನೆನೆಯಿರಿ.