ನೆಲೆ ತಪ್ಪಿದವರು ಕಟ್ಟಿದ ಮಂಗಳೂರು

2011ರ ಜನಗಣತಿಯಲ್ಲಿ ಮಂಗಳೂರು ನಗರ ಸಮೂಹದ ಜನಸಂಖ್ಯೆ 6 ಲಕ್ಷ ದಾಟಿತ್ತು. ಬಂಟರು, ಬಿಲ್ಲವರು, ಮೊಗವೀರರು, ಗೌಡ ಸಾರಸ್ವತರು, ಬ್ಯಾರಿಗಳು, ಕ್ರೈಸ್ತರು, ಜೈನರು, ಕೊರಗರು ಎಂದು ಹೆಸರು ಹೇಳಿ ಊರಿನ ಪರಿಚಯ ಮುಗಿಸುವುದು ವಾಡಿಕೆ. ಆದರೆ ಈ ಊರಿನ ಚರಿತ್ರೆಯನ್ನು ಓದಿದಷ್ಟೂ ನನಗೆ ಎದ್ದು ಕಾಣುವ ಸಂಗತಿ ಒಂದೇ: ಒಂದಲ್ಲ ಒಂದು ಕಾರಣಕ್ಕೆ ನೆಲೆ ತಪ್ಪಿದವರು ಇಲ್ಲಿ ಬಹಳಷ್ಟನ್ನು ಕಟ್ಟಿದ್ದಾರೆ.

ಗೋವೆಯಲ್ಲಿ ಬಾಳಲಾಗದೆ ದಕ್ಷಿಣಕ್ಕೆ ಬಂದ ಕೊಂಕಣಿಗರ ಕತೆ ಎಲ್ಲರಿಗೂ ಗೊತ್ತು. ಅವರಲ್ಲಿ ಕ್ಯಾಥೊಲಿಕರಿಗೆ ಎರಡನೆಯ ಪೆಟ್ಟು ಬಿದ್ದದ್ದು 1784ರಲ್ಲಿ. ಟಿಪ್ಪುವಿನ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ನಡೆದವರಲ್ಲಿ ಬದುಕಿ ಉಳಿದವರು 1799ರ ನಂತರ ಮರಳಿ, ಹೊಲ, ಮನೆ, ಇಗರ್ಜಿ ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕಾಯಿತು.

ಕ್ರೈಸ್ತ ಧರ್ಮಪ್ರಚಾರಕರಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಬಂದರು. ಅವರ ಮತಕ್ಕೆ ಸೇರಿದವರಲ್ಲಿ ಬಿಲ್ಲವರು ಬಹಳ. ಸೇರಿದ ಕೂಡಲೇ ಕುಟುಂಬದ ಆಸರೆ ತಪ್ಪಿತು, ಕಳ್ಳು ಇಳಿಸುವ ಕಸುಬೂ ಬಿಟ್ಟುಹೋಯಿತು. ಅವರ ಹೊಟ್ಟೆಪಾಡಿಗೆಂದೇ ಮಿಷನ್ ನೇಯ್ಗೆ, ಕೊನೆಗೆ 1865ರಲ್ಲಿ ನೇತ್ರಾವತಿ ದಂಡೆಯ ಹೆಂಚಿನ ಕಾರ್ಖಾನೆ ಆರಂಭಿಸಿತು. ಮೂರೇ ವರ್ಷದಲ್ಲಿ ಆಲ್ಬುಕರ್ಕ್ ಮನೆತನದವರ ಕಾರ್ಖಾನೆ ಎದ್ದಿತು, ಆಮೇಲೆ ಮತ್ತೂ ಹಲವು. ಹಳೆಯ ಮನೆಯ ಮಾಡಿನಿಂದ ಒಂದು ಹೆಂಚು ತೆಗೆದು ಮಗುಚಿ ನೋಡಿ. ರೀಪಿಗೆ ಸಿಕ್ಕಿಸುವ ಮೂಗು, ಒಂದರ ಅಂಚು ಇನ್ನೊಂದರೊಳಗೆ ಕೂರುವ ಕಾಲುವೆ, ನಡುವೆ ಕಾರ್ಖಾನೆಯ ಹೆಸರಿನ ಅಚ್ಚು. ನದಿಯ ಆವೆಮಣ್ಣನ್ನು ಹೊತ್ತು, ಹಸಿ ಹೆಂಚನ್ನು ಒಣಹಾಕಿದವರಲ್ಲಿ ಹೆಂಗಸರೂ ಬಹಳ ಮಂದಿ ಇದ್ದರು. ಅವರ ಹೆಸರು ಯಾವ ಹೆಂಚಿನ ಮೇಲೂ ಇಲ್ಲ.

ದೇವಸ್ಥಾನದೊಳಗೆ ಪ್ರವೇಶವಿಲ್ಲದ ಬಿಲ್ಲವರು ನಾರಾಯಣ ಗುರುಗಳನ್ನು ಕರೆಸಿದರು. 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆಯಾಯಿತು. ಇಂದು ಅಲ್ಲಿನ ದಸರಾ ಮೆರವಣಿಗೆಗೆ ಜಾತಿ ಕೇಳದೆ ಇಡೀ ಊರು ಬೀದಿಗಿಳಿಯುತ್ತದೆ. ಆ ಪ್ರತಿಷ್ಠೆಗೂ ಮೊದಲೇ, 1897ರಲ್ಲಿ, ಕುದ್ಮುಲ್ ರಂಗರಾಯರು ದಲಿತರ ಏಳಿಗೆಗಾಗಿ ಸಂಸ್ಥೆ ಕಟ್ಟಿ, ಸ್ವಜಾತಿಯವರ ಬಹಿಷ್ಕಾರಕ್ಕೂ ಬಗ್ಗದೆ ಮಕ್ಕಳಿಗೆ ಶಾಲೆ ನಡೆಸಿದರು. ನನ್ನ ಮಟ್ಟಿಗೆ ಈ ಊರು ಕಂಡ ಅತಿ ದೊಡ್ಡ ಮನುಷ್ಯ ಅವರು.

ಇವರೆಲ್ಲರಿಗಿಂತ ಕಡಿಮೆ ಬರೆದಿರುವುದು ಪಣಂಬೂರಿನವರ ಬಗ್ಗೆ. ನವಮಂಗಳೂರು ಬಂದರು 1974ರಲ್ಲಿ ದೇಶದ 9ನೇ ಪ್ರಮುಖ ಬಂದರೆಂದು ಘೋಷಣೆಯಾಯಿತು. ಅದಕ್ಕಾಗಿ ಪಣಂಬೂರು, ಬೈಕಂಪಾಡಿ ಕಡೆಯ ಕುಟುಂಬಗಳು ಗದ್ದೆ, ತೆಂಗು, ನಾಗಬನಗಳನ್ನು ಬಿಟ್ಟು ಕಾಟಿಪಳ್ಳ, ಕೃಷ್ಣಾಪುರದ ಗುಡ್ಡಗಳಿಗೆ ಹೋದವು. ಬೇರೆ ಬೇರೆ ಊರಿನ, ಬೇರೆ ಬೇರೆ ಜಾತಿ ಮತದ ಜನ ಅಕ್ಕಪಕ್ಕದ ನಿವೇಶನಗಳಲ್ಲಿ ಹೊಸದಾಗಿ ನೆರೆಹೊರೆಯವರಾದರು. ತಮ್ಮ ಜೊತೆ ದೈವಗಳನ್ನೂ ಹೊಸ ಜಾಗಕ್ಕೆ ಕರೆದೊಯ್ದವರಿದ್ದಾರೆ. ಬಂದರಿನ ಚರಿತ್ರೆಯಲ್ಲಿ ಹಡಗುಗಳಿಗಿರುವಷ್ಟೇ ಜಾಗ ಇವರಿಗೂ ಸಿಗಬೇಕು.

ಈಗ ಬಹುಮಹಡಿ ಕಟ್ಟಡಗಳನ್ನು ಎತ್ತುತ್ತಿರುವವರಲ್ಲಿ ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯವರು ಬಹಳ. ಮಳೆ ನಂಬಿದ ಹೊಲ ಕೈಕೊಟ್ಟಾಗ ಬಂದವರು ಇಲ್ಲೇ ಉಳಿದಿದ್ದಾರೆ. ಮನೆಯಲ್ಲಿ ಉತ್ತರ ಕರ್ನಾಟಕದ ಕನ್ನಡ, ಆಟದ ಬಯಲಲ್ಲಿ ತುಳು ಆಡುವ ಅವರ ಮಕ್ಕಳು ಇಲ್ಲಿನ ಸರಕಾರಿ ಶಾಲೆಗಳಲ್ಲಿ ಓದುತ್ತಿದ್ದಾರೆ. ಮುಂದಿನ ಸ್ಮರಣ ಸಂಚಿಕೆಗೆ ಅವರಿಂದಲೇ ಲೇಖನ ಬರೆಸಬೇಕೆಂದು ಸಂಪಾದಕರಲ್ಲಿ ಕೇಳಿಕೊಳ್ಳುತ್ತೇನೆ.