ಯಕೃತ್ತಿನ ನೆಂಟರು

ದಮ್ಮಾಮಿನ ಕಿಂಗ್ ಫಹದ್ ಸ್ಪೆಷಲಿಸ್ಟ್ ಆಸ್ಪತ್ರೆ ಕ್ಯಾನ್ಸರ್ ಚಿಕಿತ್ಸೆ ಮತ್ತು ಅಂಗಾಂಗ ಕಸಿಗೆ ಸೌದಿಯ ಪೂರ್ವ ಪ್ರಾಂತ್ಯದಲ್ಲಿ ದೊಡ್ಡ ಹೆಸರು. ಆ ಊರಿನಲ್ಲಿ ಒಂದೇ ಅಂಗಕ್ಕೆ ಹೆಸರು ಹಲವು. ಅರಬ್ಬಿಯಲ್ಲಿ ಕಬಿದ್, ಪಾಕಿಸ್ತಾನಿಗಳ ಮತ್ತು ಹೈದರಾಬಾದಿಗಳ ಬಾಯಲ್ಲಿ ಜಿಗರ್. ವರದಿಯ ಇಂಗ್ಲಿಷಿನಲ್ಲಿ ಲಿವರ್, ಅದರ ಕ್ಯಾನ್ಸರಿಗೆ ಹೆಪಟೋಸೆಲ್ಯುಲರ್ ಕಾರ್ಸಿನೋಮ. ಊರಿಗೆ ಫೋನು ಮಾಡುವ ಮಂಗಳೂರು, ಉಡುಪಿಯವರು 'ಲಿವರಿನಲ್ಲಿ ಗಡ್ಡೆ' ಎನ್ನುತ್ತಾರೆ. 'ಪಿತ್ತಜನಕಾಂಗ' ಎಂಬುದು ಹೈಸ್ಕೂಲಿನ ಜೀವಶಾಸ್ತ್ರದ ಜೊತೆಗೇ ನಾಲಿಗೆ ಬಿಟ್ಟುಹೋದ ಮಾತು.

ಇವುಗಳಲ್ಲಿ ಜಿಗರ್ ಮತ್ತು ಹೆಪಟೋ ನಮ್ಮ 'ಯಕೃತ್ತಿ'ನ ದಾಯಾದಿಗಳು. ಯಕೃತ್ ಅಥರ್ವವೇದದಷ್ಟು ಹಳೆಯದು. ಅದರ ರೂಪವೇ ವಿಚಿತ್ರ: ಪ್ರಥಮೆಯಲ್ಲಿ ಯಕೃತ್, ಷಷ್ಠಿಗೆ ಬಂದರೆ ಯಕ್ನಃ. ರಕಾರ ಕೂತಿದ್ದ ಜಾಗಕ್ಕೆ ನಕಾರ ಬಂದುಬಿಡುತ್ತದೆ. ಲ್ಯಾಟಿನ್ನಿನಲ್ಲೂ ಇದೇ ಆಟ, ಯೆಕುರ್ ಹೋಗಿ ಯೆಕಿನೋರಿಸ್. ಸಾವಿರಾರು ಮೈಲಿ ದೂರದ ಎರಡು ಭಾಷೆಗಳು ಇಂಥ ಅಡ್ಡಾದಿಡ್ಡಿ ರೂಪವನ್ನು ಒಂದರಿಂದೊಂದು ಕಡ ತಂದುಕೊಳ್ಳುವುದಿಲ್ಲ. ಮೂಲ ಒಂದೇ ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಗ್ರೀಕಿನಲ್ಲಿ ಮೊದಲ ಯಕಾರ ಹಕಾರವಾಗಿ, ಕಕಾರ ಪಕಾರವಾಗಿ ಹೇಪರ್ ಆಯಿತು, ಅಲ್ಲಿಂದ ಹೆಪಟೈಟಿಸ್. ಅವೆಸ್ತದ ಯಾಕರೆ ಪಾರಸಿಯಲ್ಲಿ ಜಿಗರ್ ಆಗಿ, ಉರ್ದು ದಾಟಿ, ಹುಬ್ಬಳ್ಳಿ ಕಲಬುರಗಿಯ 'ಜಿಗ್ರಿ ದೋಸ್ತ್' ಆಗಿ ಕನ್ನಡಕ್ಕೆ ಬಂತು. ಗೆಳೆಯನ ಹೆಗಲ ಮೇಲೆ ಕೈ ಹಾಕಿ ಜಿಗ್ರಿ ಎನ್ನುವವನಿಗೆ ತಾನು ವೇದದ ಪದದ ನೆಂಟನನ್ನು ಕರೆಯುತ್ತಿದ್ದೇನೆಂದು ಗೊತ್ತಿರಬೇಕಾಗಿಲ್ಲ. ಲ್ಯಾಟಿನ್ನಿನ ಕವಲು ಮಾತ್ರ ಬತ್ತಿತು. ಅಂಜೂರ ತಿನ್ನಿಸಿ ಕೊಬ್ಬಿಸಿದ ಪ್ರಾಣಿಯ ಯಕೃತ್ತು ರೋಮನ್ನರಿಗೆ ಬಲು ರುಚಿ. ಕೊನೆಗೆ ಅಂಜೂರದ ಹೆಸರೇ ಅಂಗಕ್ಕೆ ಅಂಟಿ ಇಟಾಲಿಯನ್ನರಿಗೆ ಫೇಗತೋ, ಫ್ರೆಂಚರಿಗೆ ಫುವಾ ಆಯಿತು.

ಕಬಿದ್ ಬೇರೆ ಮನೆತನದ್ದು, ಸೆಮಿಟಿಕ್. ಸೌದಿಯ ಹೋಟೆಲುಗಳಲ್ಲಿ ಬೆಳಗಿನ ಹೊತ್ತು ಈರುಳ್ಳಿ ಟೊಮೆಟೊ ಹಾಕಿ ಹುರಿದು ರೊಟ್ಟಿಯೊಂದಿಗೆ ಕೊಡುವ 'ಕಬ್ದ' ಇದೇ. ಹೆತ್ತ ಮಗುವನ್ನು ಅರಬ್ಬರು ತಮ್ಮ ಯಕೃತ್ತಿನ ತುಂಡು ಎನ್ನುತ್ತಾರೆ. ನಾವು ಕರುಳ ಕುಡಿ ಎನ್ನುತ್ತೇವೆ. ಮಮತೆಗೆ ಇಬ್ಬರೂ ಹೊಟ್ಟೆಯೊಳಗೇ ಜಾಗ ಹುಡುಕಿದ್ದಾರೆ.

ಗಲ್ಫಿಗೆ ಹೊರಟವನಿಗೆ ಹೆಪಟೈಟಿಸ್ ಎಂಬ ಮಾತು ಊರಿನಲ್ಲೇ ಎದುರಾಗುತ್ತದೆ. ವೀಸಾದ ಮೆಡಿಕಲ್ಲಿನಲ್ಲಿ ಹೆಪಟೈಟಿಸ್ ಬಿ, ಸಿ ಕಂಡರೆ 'ಅನ್‌ಫಿಟ್'. ಈ ಎರಡು ವೈರಸ್ಸುಗಳೇ ಯಕೃತ್ತಿನ ಕ್ಯಾನ್ಸರಿನ ದೊಡ್ಡ ಕಾರಣಗಳು. ಸೌದಿ ಅರೇಬಿಯ 1989ರಿಂದಲೇ ಶಿಶುಗಳಿಗೆ ಬಿ ಲಸಿಕೆ ಹಾಕಿಸುತ್ತಿದೆ.

ಇನ್ನು ಸ್ಕ್ಯಾನಿಂಗ್. ಚರಕನ ಪ್ರಕಾರ ರಕ್ತ ಹರಿಯುವ ಸ್ರೋತಸ್ಸುಗಳಿಗೆ ಯಕೃತ್ತು ಮತ್ತು ಪ್ಲೀಹ ಮೂಲ. ಸಿ.ಟಿ. ಹಿಡಿಯುವುದೂ ರಕ್ತದ ಜಾಡನ್ನೇ. ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು 75 ಪಾಲು ಕರುಳಿನ ಕಡೆಯಿಂದ ಪೋರ್ಟಲ್ ಸಿರೆಯಲ್ಲಿ ಬರುತ್ತದೆ, 25 ಪಾಲು ಮಾತ್ರ ಧಮನಿಯಲ್ಲಿ. ಕ್ಯಾನ್ಸರ್ ಗಡ್ಡೆ ಈ ಲೆಕ್ಕ ಮುರಿದು ಧಮನಿಯಿಂದಲೇ ಹೀರುತ್ತದೆ. ಹಾಗಾಗಿ ರಕ್ತದ ಜಾಡು ತೋರಿಸುವ ಕಾಂಟ್ರಾಸ್ಟ್ ಔಷಧ ಚುಚ್ಚಿದ ಅರ್ಧ ನಿಮಿಷದ ಆಸುಪಾಸಿನಲ್ಲಿ ಗಡ್ಡೆ ಬೆಳಗುತ್ತದೆ. ಸುತ್ತಲ ಭಾಗ ಬೆಳಗುವ ವೇಳೆಗೆ ತಾನು ಮಂಕಾಗುತ್ತದೆ. ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಡಸಾಗುವ ರೋಗ) ಅಥವಾ ಹೆಪಟೈಟಿಸ್ ಬಿ ಇರುವವರಲ್ಲಿ ಈ ಲಕ್ಷಣಗಳು ಸರಿಯಾಗಿ ಕೂಡಿಬಂದರೆ ಸೂಜಿ ಹಾಕಿ ಚೂರು ತೆಗೆಯದೆಯೂ ರೋಗ ನಿರ್ಣಯಿಸುತ್ತಾರೆ. ಅಮೆರಿಕದ ರೇಡಿಯಾಲಜಿ ಕಾಲೇಜು 2011ರಲ್ಲಿ ಇದಕ್ಕೆ ಲೈ-ರಾಡ್ಸ್ ಎಂಬ ಶ್ರೇಣಿ ತಂದಿತು. 5 ಎಂದು ಬರೆದರೆ ಕ್ಯಾನ್ಸರ್ ಬಹುತೇಕ ಖಚಿತ.

ಎಂಆರ್‌ಐಗೆ ಬಳಸುವ ಗ್ಯಾಡೊಕ್ಸೆಟೇಟ್ ಎಂಬ ಔಷಧದ ರೀತಿ ಬೇರೆ. ಅದು ಮೊದಲು ರಕ್ತದ ಜಾಡು ತೋರಿಸಿ, ಬಳಿಕ ಯಕೃತ್ತಿನ ಕೋಶಗಳೊಳಗೆ ಹೊಕ್ಕು ಸುಮಾರು ಅರ್ಧದಷ್ಟು ಪಿತ್ತರಸದಲ್ಲಿ ಹೊರಬೀಳುತ್ತದೆ. 20 ನಿಮಿಷದ ಹೊತ್ತಿಗೆ ಆರೋಗ್ಯವಂತ ಭಾಗ ಬೆಳ್ಳಗೆ. ಕ್ಯಾನ್ಸರ್ ಕೋಶಗಳಲ್ಲಿ ಹೆಚ್ಚಿನವಕ್ಕೆ ಔಷಧವನ್ನು ಒಳಗೆಳೆದುಕೊಳ್ಳುವ ಶಕ್ತಿ ತಪ್ಪಿರುತ್ತದೆ, ಆ ಜಾಗ ಕಪ್ಪಾಗಿ ಉಳಿಯುತ್ತದೆ. ಸಕ್ಕರೆ ಹೀರುವುದನ್ನು ನೋಡುವ ಪೆಟ್ ಸ್ಕ್ಯಾನ್ ಇಲ್ಲಿ ಎಷ್ಟೋ ಸಲ ಕೈಕೊಡುತ್ತದೆ: ಹೆಚ್ಚು ಕೆಡದ ಗಡ್ಡೆ ಹೀರಿದ ಸಕ್ಕರೆಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಒಂದೇ ಯಂತ್ರವನ್ನು ನಂಬದೆ ಎರಡು ಮೂರನ್ನು ಜೋಡಿಸಿ ನೋಡುವುದು ಇದಕ್ಕೇ.

ಪಿತ್ತಜನಕಾಂಗ ಎಂಬ ಪದವನ್ನು ನಾನು ಬಹಳ ಕಾಲ ಮೆಚ್ಚಿರಲಿಲ್ಲ. ಐನೂರು ಕೆಲಸ ಮಾಡುವ ಅಂಗಕ್ಕೆ ಪಿತ್ತ ಹುಟ್ಟಿಸುವ ಒಂದೇ ಕೆಲಸದ ಹೆಸರು ಕಟ್ಟಿದ್ದು ಅನ್ಯಾಯವೆನಿಸುತ್ತಿತ್ತು. ಆದರೆ ಎಂಆರ್‌ಐ ಕೊನೆಯಲ್ಲಿ ಪರೀಕ್ಷಿಸುವುದು ಆ ಕೆಲಸಕ್ಕೆ ಅಂಟಿಕೊಂಡ ದಾರಿಯನ್ನೇ. ಶಬ್ದ ಉದ್ದವಾಯಿತು ನಿಜ, ಅರ್ಥ ತಪ್ಪಿಲ್ಲ. ಕನ್ನಡದ ವರದಿಗೆ ಯಕೃತ್ತು ಸಾಕು. ರೋಗಿಗೆ ಚಿತ್ರ ತೋರಿಸಿ ವಿವರಿಸುವಾಗ ಪಿತ್ತಜನಕಾಂಗವೇ ವಾಸಿ.

ಸಿರೋಸಿಸ್ ಇರುವವರು, ಹೆಪಟೈಟಿಸ್ ಬಿ ಇದ್ದು ವೈದ್ಯರು ಎಚ್ಚರಿಸಿರುವವರು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಿ. ಕೌಂಟರಿನಲ್ಲಿ ಲಿವರ್ ಎಂದರೂ ನಡೆಯುತ್ತದೆ, ಕಬಿದ್ ಎಂದರೂ ನಡೆಯುತ್ತದೆ.